ಟೈಪ್ ಸರಿ, ಮೌಲ್ಯ ತಪ್ಪು: ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್‌ನಲ್ಲಿ ನಿರ್ಬಂಧ ಮತ್ತು ಅದರ ಹಿಂದಿನ ಊಹೆ

ವ್ಯಕ್ತಿಯ ವಯಸ್ಸು ಪೂರ್ಣಾಂಕ ಎಂದು ಘೋಷಿಸಿದ ಕ್ಲಾಸ್‌ಗೆ ಯಾರಾದರೂ ಮೈನಸ್ 5 ಎಂದು ಕೊಟ್ಟರೆ ಜಾವಾ ಕಂಪೈಲರ್ ಚಕಾರ ಎತ್ತುವುದಿಲ್ಲ. ಮೈನಸ್ 5 ಪೂರ್ಣಾಂಕವೇ. ಕಂಪೈಲರ್ ವಿಚಾರಿಸುವುದು ಅಷ್ಟನ್ನೇ. ಅದು ವಯಸ್ಸಾಗಲಾರದು ಎಂಬುದನ್ನು ಪ್ರೋಗ್ರಾಮಿನ ಯಾವ ಭಾಗ ಹೇಳಬೇಕು ಎಂಬ ಪ್ರಶ್ನೆಗೆ ಕಂಪ್ಯೂಟರ್ ವಿಜ್ಞಾನ ಬಹುಕಾಲದಿಂದ ಉತ್ತರ ಕಟ್ಟುತ್ತ ಬಂದಿದೆ: ಮೌಲ್ಯದ ಮೇಲಿನ ನಿರ್ಬಂಧ ಕ್ಲಾಸ್‌ನೊಳಗೇ ಇರಬೇಕು. ಈ ಲೇಖನ ಆ ಉತ್ತರವನ್ನು ಒಪ್ಪಿ ಇನ್ನೊಂದು ಮಾತು ಸೇರಿಸುತ್ತದೆ. ನಿರ್ಬಂಧ ಯಾವ ಊಹೆಯ ಮೇಲೆ ನಿಂತಿದೆಯೋ ಆ ಊಹೆಯೂ ಅದರ ಜೊತೆಗೇ ದಾಖಲಾಗದಿದ್ದರೆ, ತಪಾಸಣೆ ಇದ್ದರೂ ಪ್ರಯೋಜನ ಅಷ್ಟಕ್ಕಷ್ಟೆ.

ಬೆಲೆಗಳ ವ್ಯಾಪ್ತಿಯನ್ನು ಟೈಪಿನಲ್ಲೇ ಬರೆಯುವ ಪದ್ಧತಿ ನಿಕ್ಲಾಸ್ ವಿರ್ತ್ ಅವರ ಪ್ಯಾಸ್ಕಲ್ ಭಾಷೆಯಲ್ಲಿ, ಅಂದರೆ 1970ರ ಹೊತ್ತಿಗೇ ಇತ್ತು. ತಿಂಗಳು ಎಂದರೆ 1ರಿಂದ 12 ಎಂದು ಅಲ್ಲಿ ಘೋಷಿಸಬಹುದಿತ್ತು. ಸಿಮುಲಾ 67 ಭಾಷೆಯ ಕ್ಲಾಸ್ ಕಲ್ಪನೆಯನ್ನು ಎತ್ತಿಕೊಂಡು 1972ರಲ್ಲಿ ಟೋನಿ ಹೋರ್ ಮುಖ್ಯವಾದ ಹೆಜ್ಜೆಯೊಂದನ್ನು ಇಟ್ಟರು. ಆಬ್ಜೆಕ್ಟ್ ಹುಟ್ಟಿದ ಕ್ಷಣದಿಂದ ಅದರ ಮೇಲಿನ ಪ್ರತಿ ಕ್ರಿಯೆಯ ಕೊನೆಯಲ್ಲೂ ನಿಜವಾಗಿ ಉಳಿಯಬೇಕಾದ ಹೇಳಿಕೆಯೊಂದಿದ್ದರೆ, ಆ ಕ್ಲಾಸ್ ಸರಿಯಾಗಿದೆ ಎಂದು ಸಾಧಿಸಲು ಅದನ್ನು ಆಧಾರವಾಗಿ ಬಳಸಬಹುದು ಎಂದು ಅವರು ತೋರಿಸಿದರು. ಇಂದು ಇನ್‌ವೇರಿಯಂಟ್ ಎನ್ನುವುದು ಇದನ್ನೇ. ಬರ್ಟ್ರಾಂಡ್ ಮೇಯರ್ 1980ರ ದಶಕದಲ್ಲಿ ರೂಪಿಸಿದ ಐಫೆಲ್ ಭಾಷೆ ಇದನ್ನು ಗಣಿತದ ಹಾಳೆಯಿಂದ ಇಳಿಸಿ ವ್ಯಾಕರಣದ ಭಾಗವನ್ನಾಗಿಸಿತು. ಕರೆಯುವವನು ಪಾಲಿಸಬೇಕಾದ ಷರತ್ತು, ಕರೆಸಿಕೊಂಡವನು ಕೊಡುವ ಭರವಸೆ, ಕ್ಲಾಸ್ ಸದಾ ಕಾಯುವ ನಿಯಮ, ಇವು ಮೂರೂ ಅಲ್ಲಿ ಕೋಡಿನಲ್ಲೇ ಬರೆದಿರುತ್ತವೆ.

ದಿನನಿತ್ಯದ ಭಾಷೆಗಳು ಇಷ್ಟು ಶಿಸ್ತಿನವಲ್ಲ. ಪೈಥಾನ್ 3.5 (2015) ಟೈಪ್ ಸೂಚನೆಗಳನ್ನು ತಂದಿತು. ಪ್ರೋಗ್ರಾಮ್ ಓಡುವಾಗ ಭಾಷೆ ಅವುಗಳನ್ನು ಪರೀಕ್ಷಿಸುವುದಿಲ್ಲ. ಪೂರ್ಣಾಂಕ ಎಂದು ಬರೆದ ಕಡೆ ವಾಕ್ಯವನ್ನೇ ಕೊಟ್ಟರೂ ಸ್ವೀಕರಿಸುತ್ತದೆ. ಪರ್ಲ್ ಭಾಷೆಯ ಮೂಸ್ ಎಂಬ ಆಬ್ಜೆಕ್ಟ್ ವ್ಯವಸ್ಥೆ (2006) ಇದಕ್ಕೆ ತದ್ವಿರುದ್ಧ. ಕಂಪೈಲ್ ಹಂತದಲ್ಲಿ ಅಲ್ಲಿ ಯಾವ ಟೈಪ್ ತಪಾಸಣೆಯೂ ಇಲ್ಲ. ಆದರೆ ಪೂರ್ಣಾಂಕದ ಕೆಳಗೆ ‘ಸೊನ್ನೆಗಿಂತ ಕಡಿಮೆಯಿಲ್ಲದ್ದು’ ಎಂಬ ಉಪಟೈಪ್ ಕಟ್ಟಿ ಗುಣಕ್ಕೆ ಅಂಟಿಸಿದರೆ, ಆಬ್ಜೆಕ್ಟ್ ರಚನೆಯಾಗುವಾಗಲೂ ಆ ಗುಣಕ್ಕೆ ಹೊಸ ಬೆಲೆ ಬರೆಯುವಾಗಲೂ ಪರೀಕ್ಷೆ ನಡೆಯುತ್ತದೆ. ಇದು ಟೈಪ್ ವ್ಯವಸ್ಥೆಯಲ್ಲ, ಟೈಪ್ ನಿರ್ಬಂಧ ಮಾತ್ರ ಎಂದು ಮೂಸ್‌ನ ಕೈಪಿಡಿಯೇ ಎಚ್ಚರಿಸುತ್ತದೆ. ಆ ಪ್ರಾಮಾಣಿಕತೆ ಮೆಚ್ಚತಕ್ಕದ್ದು, ಏಕೆಂದರೆ ಇಲ್ಲೊಂದು ಕಂಡಿ ಇದೆ. ಪೂರ್ಣಾಂಕಗಳ ಪಟ್ಟಿ ಎಂದು ಘೋಷಿಸಿದ ಗುಣಕ್ಕೆ ಸರಿಯಾದ ಪಟ್ಟಿ ಕೊಟ್ಟು, ಆಮೇಲೆ ಅದೇ ಪಟ್ಟಿಯ ಬಾಲಕ್ಕೆ ಒಂದು ಪದ ಸೇರಿಸಿದರೆ ಮೂಸ್‌ಗೆ ಸುಳಿವೇ ಸಿಗದು. ಒಳಗಿನ ರಚನೆಯ ಕೊಂಡಿ ಹೊರಗಿನವರ ಕೈಯಲ್ಲಿ ಉಳಿಯುವವರೆಗೆ ಕನ್‌ಸ್ಟ್ರಕ್ಟರ್‌ನಲ್ಲಿ ಎಷ್ಟು ಪರೀಕ್ಷಿಸಿದರೂ ಇನ್‌ವೇರಿಯಂಟ್ ನಿಲ್ಲುವುದಿಲ್ಲ. ಬದಲಾಗದ ಆಬ್ಜೆಕ್ಟ್‌ಗಳ ಪರವಾಗಿ ಇದಕ್ಕಿಂತ ಗಟ್ಟಿ ವಾದ ನನಗೆ ಕಂಡಿಲ್ಲ.

ಒಂದು ಕ್ಲಾಸ್‌ನಿಂದ ಇನ್ನೊಂದನ್ನು ಇಳಿಸಿದಾಗ ನಿರ್ಬಂಧವೂ ಆಸ್ತಿಯಂತೆ ಇಳಿಯುತ್ತದೆ. ಬಾರ್ಬರಾ ಲಿಸ್ಕೋವ್ ಮತ್ತು ಜೆನೆಟ್ ವಿಂಗ್ 1994ರಲ್ಲಿ ಹೇಳಿದಂತೆ, ಉಪಟೈಪ್ ತಾಯಿ ಟೈಪಿನ ನಿಯಮಗಳನ್ನು ಮುರಿಯಬಾರದು, ಕರೆಯುವವನ ಮೇಲೆ ಹೊಸ ಷರತ್ತನ್ನೂ ಹೇರಬಾರದು. ಅಗಲವನ್ನಷ್ಟೇ ಬದಲಿಸಲು ಬಿಡುವ ಆಯತದಿಂದ ಚೌಕವನ್ನು ಇಳಿಸಿದರೆ ಏನಾಗುತ್ತದೆ ಎಂಬುದು ಪಠ್ಯಪುಸ್ತಕಗಳಲ್ಲಿ ಸವೆದ ಉದಾಹರಣೆ, ಇಲ್ಲಿ ಬೆಳೆಸುವುದಿಲ್ಲ.

ಊಹೆಯ ಮಾತಿಗೆ ಬರೋಣ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೌರು ನೆಲೆಯಿಂದ ಮೊದಲ ಬಾರಿಗೆ ಹಾರಿದ ಏರಿಯಾನ್ 5 ರಾಕೆಟ್ ನಲವತ್ತು ಸೆಕೆಂಡಿನ ಆಸುಪಾಸಿನಲ್ಲಿ ಛಿದ್ರವಾಯಿತು. ದಿಕ್ಕು ಮತ್ತು ವೇಗ ಅಳೆಯುವ ಉಪಕರಣದ ಪ್ರೋಗ್ರಾಮನ್ನು ಏರಿಯಾನ್ 4ರಿಂದ ತಂದು ಕೂರಿಸಿದ್ದರು. ಅದರೊಳಗೆ ಸಮತಲ ವೇಗಕ್ಕೆ ಸಂಬಂಧಿಸಿದ 64 ಬಿಟ್‌ನ ದಶಮಾಂಶ ಸಂಖ್ಯೆಯೊಂದು 16 ಬಿಟ್‌ನ ಪೂರ್ಣಾಂಕವಾಗಬೇಕಿತ್ತು, ಅಂದರೆ 32,767ನ್ನು ಮೀರುವಂತಿರಲಿಲ್ಲ. ಏರಿಯಾನ್ 4ರ ಹಾರುದಾರಿಯಲ್ಲಿ ಅದು ಮೀರುತ್ತಲೂ ಇರಲಿಲ್ಲ. ಏರಿಯಾನ್ 5ರ ಸಮತಲ ವೇಗ ಆರಂಭದಿಂದಲೇ ಬಹಳ ಹೆಚ್ಚು. ಮಿತಿ ದಾಟಿತು, ಏಡಾ ಭಾಷೆಯಲ್ಲಿ ಬರೆದ ಆ ಪ್ರೋಗ್ರಾಮಿನಲ್ಲಿ ಎಕ್ಸೆಪ್ಶನ್ ಎದ್ದಿತು, ಉಪಕರಣ ತನ್ನನ್ನು ತಾನೇ ನಿಲ್ಲಿಸಿಕೊಂಡಿತು. ಬದಲಿ ಉಪಕರಣದಲ್ಲೂ ಅದೇ ಪ್ರೋಗ್ರಾಮ್ ಇದ್ದುದರಿಂದ ಅದೂ ಅದೇ ಹಾದಿ ಹಿಡಿಯಿತು. ಉಪಕರಣ ಕಳಿಸಿದ ದೋಷದ ವರದಿಯನ್ನು ಮುಖ್ಯ ಕಂಪ್ಯೂಟರ್ ಹಾರಾಟದ ಅಳತೆ ಎಂದು ಓದಿಕೊಂಡು ನಳಿಕೆಗಳನ್ನು ಕೊನೆಯವರೆಗೆ ತಿರುಗಿಸಿತು. ಆ ಲೆಕ್ಕ ಬೇಕಿದ್ದದ್ದು ರಾಕೆಟ್ ನೆಲ ಬಿಡುವ ಮುನ್ನ ಎಂಬುದು ಇನ್ನೂ ಕಹಿಯಾದ ಸಂಗತಿ.

ಇಲ್ಲಿ ಟೈಪ್ ನಿರ್ಬಂಧ ಸೋಲಲಿಲ್ಲ ಎಂಬುದನ್ನು ಗಮನಿಸಬೇಕು. ಹೊಂದದ ಬೆಲೆಯನ್ನು ಅದು ಹಿಡಿಯಿತು. ಅಪಾಯವಿದ್ದ ಏಳು ಚರಗಳಲ್ಲಿ ನಾಲ್ಕಕ್ಕೆ ರಕ್ಷಣೆ ಕೊಟ್ಟು ಮೂರನ್ನು ಬಿಟ್ಟಿದ್ದರು. ಕಂಪ್ಯೂಟರಿನ ಹೊರೆ ಶೇಕಡಾ 80ನ್ನು ದಾಟಬಾರದು ಎಂಬುದು ಅದಕ್ಕೆ ಹಿನ್ನೆಲೆ. ಜಾಕ್ ಲೂಯಿ ಲಿಯೋನ್ಸ್ ಅಧ್ಯಕ್ಷತೆಯ ತನಿಖಾ ಮಂಡಳಿ ಗುರುತಿಸಿದ ಒಂದು ಅಂಶ ನನ್ನ ವಾದಕ್ಕೆ ತಿರುಳು: ಆ ಮೂರನ್ನು ಏಕೆ ಬಿಟ್ಟರು ಎಂಬ ಸಮರ್ಥನೆ ಮೂಲ ಕೋಡಿನಲ್ಲಿ ಎಲ್ಲೂ ಇರಲಿಲ್ಲ. ಬರೆದವರಿಗೆ ಗೊತ್ತಿದ್ದ ಊಹೆ ಮರುಬಳಕೆ ಮಾಡಿದವರ ಕಣ್ಣಿಗೆ ಬೀಳಲಿಲ್ಲ. 1997ರಲ್ಲಿ ಜೆಜೆಕೆಲ್ ಮತ್ತು ಮೇಯರ್, ಷರತ್ತನ್ನು ಕೋಡಿನಲ್ಲೇ ಬರೆಯುವ ಪದ್ಧತಿಯಿದ್ದರೆ ಈ ದೋಷ ಮೊದಲೇ ಸಿಗುತ್ತಿತ್ತು ಎಂದು ವಾದಿಸಿದರು. ಐಫೆಲ್‌ನ ಜನಕರೇ ಹಾಗೆನ್ನುವುದು ಸಹಜ. ಷರತ್ತು ಬರೆದಿದ್ದರೂ ಹೊಸ ಹಾರುದಾರಿಯ ಅಂಕಿಗಳನ್ನು ಹಾಕಿ ಪರೀಕ್ಷಿಸದೆ ಅದು ಬಾಯಿಬಿಡುತ್ತಿರಲಿಲ್ಲ. ಓದುವವರಿಗಾದರೂ ಕಾಣುತ್ತಿತ್ತು ಎಂಬಷ್ಟನ್ನು ನಾನು ಒಪ್ಪುತ್ತೇನೆ.

ಬರೆಯದೆ ಬಿಟ್ಟ ಊಹೆ ಕನ್ನಡಿಗರ ಹೆಸರನ್ನೂ ಮುಟ್ಟುತ್ತದೆ. ಹೆಸರಿನಲ್ಲಿ ಅಕ್ಷರಗಳಷ್ಟೇ ಇರಲಿ ಎಂದು ಪೈಥಾನ್‌ನ ಇಸ್‌ಆಲ್ಫಾ ಪರೀಕ್ಷೆ ಇಟ್ಟರೆ ‘ಕಮಲ’ ಪಾಸಾಗುತ್ತದೆ, ‘ವಿಮಲ’ ನಪಾಸಾಗುತ್ತದೆ. ಗುಣಿತದ ಚಿಹ್ನೆಗಳನ್ನೂ ಒತ್ತಕ್ಷರ ಕೂಡಿಸುವ ವಿರಾಮ ಚಿಹ್ನೆಯನ್ನೂ ಯೂನಿಕೋಡ್ ಅಕ್ಷರವೆಂದಲ್ಲ, ಗುರುತು ಎಂದು ವಿಂಗಡಿಸಿದೆ. ಒಂದು ಗುಡಿಸು ಸಾಕು, ಹೆಸರು ತಿರಸ್ಕೃತ. ಉದ್ದದ ಮಿತಿಯ ಕಥೆಯೂ ಅಷ್ಟೆ. ‘ಪುಟ್ಟಪ್ಪ’ ನಮ್ಮ ಎಣಿಕೆಯಲ್ಲಿ 3 ಅಕ್ಷರ, ಯೂನಿಕೋಡ್‌ನಲ್ಲಿ 8 ಸಂಕೇತ, ಯುಟಿಎಫ್-8ರಲ್ಲಿ 24 ಬೈಟ್. 20ರ ಮಿತಿ ಎಂದವನು ಯಾವ 20 ಎಂದು ಹೇಳಿರುವುದು ಅಪರೂಪ. ಇನ್ನು ಕೊನೆಯ ಹೆಸರನ್ನು ಕುಲನಾಮವೆಂದೇ ಭಾವಿಸುವ ಕ್ಲಾಸ್, ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬ ಹೆಸರಿನಲ್ಲಿ ಊರನ್ನು ವ್ಯಕ್ತಿಯಾಗಿಯೂ ವ್ಯಕ್ತಿಯನ್ನು ಕುಲವಾಗಿಯೂ ಓದುತ್ತದೆ.

ಸಡಿಲತೆಯಲ್ಲೂ ಊಹೆ ಅಡಗಿರುತ್ತದೆ. ಪಿನ್‌ಕೋಡ್ ಎಂದರೆ ಆರು ಅಂಕಿ ಎಂಬ ವಿನ್ಯಾಸವನ್ನು ಪೈಥಾನ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್ ಅಂಕಿ ಚಿಹ್ನೆಯಿಂದ (\d) ಬರೆದರೆ ‘೫೬೦೦೦೧’ ಕೂಡ ಒಪ್ಪಿಗೆಯಾಗುತ್ತದೆ. ಅದೇ ವಿನ್ಯಾಸದಲ್ಲಿ ಜಾವಾ, ಬೇರೆ ಸೂಚನೆ ಕೊಡದಿದ್ದರೆ, ಅದನ್ನು ತಿರಸ್ಕರಿಸುತ್ತದೆ. ಆದರೆ ಜಾವಾದ್ದೇ ಸಂಖ್ಯಾ ಪರಿವರ್ತನೆಗೆ ಕೊಟ್ಟರೆ 560001 ಎಂದು ಸರಿಯಾಗಿ ಓದುತ್ತದೆ. ಒಂದು ವ್ಯವಸ್ಥೆ ಉಳಿಸಿಟ್ಟದ್ದು ಇನ್ನೊಂದರ ಬಾಗಿಲಲ್ಲಿ ಬೀಳುವುದು ಹೀಗೆ. ಇದಕ್ಕೆ ಮದ್ದು ಪರೀಕ್ಷೆಯನ್ನು ಎಲ್ಲೆಡೆ ಹರಡುವುದಲ್ಲ. ಪಿನ್‌ಕೋಡ್ ಎಂಬ ಚಿಕ್ಕ ಕ್ಲಾಸ್ ಕಟ್ಟಿ, ಒಳಗೆ ಬರುವಾಗಲೇ ಅಂಕಿಗಳನ್ನು ಒಂದೇ ರೂಪಕ್ಕೆ ತಂದು, ಮೊದಲ ಅಂಕಿ ಸೊನ್ನೆಯಲ್ಲವೆಂದು ನೋಡಿ, ಆಮೇಲೆ ಆ ಆಬ್ಜೆಕ್ಟನ್ನು ಬದಲಿಸಲು ಬಿಡದಿರುವುದು. ಆ ಕ್ಲಾಸ್‌ನ ತಲೆಯಲ್ಲಿ ಒಂದು ಸಾಲು: ಇದು ಭಾರತದ ಅಂಚೆಗೆ ಮಾತ್ರ.

ಕನ್ನಡದ ಹೆಸರನ್ನು ಸ್ವೀಕರಿಸುವ ಕ್ಲಾಸ್ ಬರೆಯುವವರು ತಮ್ಮ ಪರೀಕ್ಷಾ ಪಟ್ಟಿಯಲ್ಲಿ ಕಮಲಳೊಬ್ಬಳನ್ನೇ ಇಟ್ಟುಕೊಳ್ಳದೆ ವಿಮಲಳನ್ನೂ ಪುಟ್ಟಪ್ಪನವರನ್ನೂ ಸೇರಿಸಿಕೊಳ್ಳಬೇಕು, ಮಿತಿ ಹಾಕಿದ ಕಡೆಯಲ್ಲೆಲ್ಲ ಅದರ ಕಾರಣವನ್ನು ಅಲ್ಲೇ ಬರೆಯಬೇಕು.