ಸ್ಮೈಲ್, ಸ್ಮಿತ ಮತ್ತು ನಮ್ಮ ನಗು

ತಾಳ್ಯದ ಕಡೆ ಮದುವೆ ಮನೆಯಲ್ಲಿ ಫೋಟೋದವರು ಕ್ಯಾಮೆರಾ ಎತ್ತಿದ ಕೂಡಲೇ ಹೇಳುವ ಮಾತು ಒಂದೇ: "ಅಜ್ಜಿ, ಸ್ವಲ್ಪ ಸ್ಮೈಲ್ ಮಾಡ್ರಿ." ಇಂಗ್ಲಿಷ್ ಒಂದಕ್ಷರ ಬಾರದ ಅಜ್ಜಿಗೂ ಅದು ಅರ್ಥವಾಗುತ್ತದೆ. ಪಂಪ್‌ಸೆಟ್ಟು, ಕರೆಂಟು, ಬಸ್ಸಿನ ಜೊತೆಗೆ ಈ ಪದವೂ ಊರೊಳಗೆ ಬಂದು ಕೂತಿದೆ. ಆದರೆ ಪಂಪ್‌ಸೆಟ್ಟು ನಮ್ಮಲ್ಲಿ ಇರಲಿಲ್ಲ, ನಗು ಇತ್ತು. ಇದ್ದ ಪದದ ಜಾಗಕ್ಕೆ ಇನ್ನೊಂದು ಪದ ಬಂದಾಗ ಹಳೆಯದರ ಗತಿ ಏನಾಗುತ್ತದೆ? ಈ ಪ್ರಶ್ನೆಗೆ ಸ್ಮೈಲ್ ಪದದ ಚರಿತ್ರೆಯಲ್ಲೇ ಒಂದು ಉತ್ತರ ಇದೆ.

ಇಂಗ್ಲಿಷಿಗೂ ಸ್ಮೈಲ್ ಹೊರಗಿನಿಂದ ಬಂದದ್ದೇ. ಅದು ಬರವಣಿಗೆಯಲ್ಲಿ ಕಾಣಿಸಿಕೊಳ್ಳುವುದು ಸುಮಾರು 1300ರ ಹೊತ್ತಿಗೆ. 9ನೇ ಶತಮಾನದಿಂದ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಕ್ಕೆ ಬಂದು ನೆಲೆಸಿದ ಸ್ಕ್ಯಾಂಡಿನೇವಿಯಾದವರು ಎಗ್, ವಿಂಡೋ, ಸ್ಕೈ, ನೈಫ್ ಇಂಥ ದಿನಬಳಕೆಯ ಪದಗಳನ್ನು ಬಿಟ್ಟುಹೋದರು. ಸ್ಮೈಲ್ ಕೂಡ ಆ ಕಡೆಯದೇ ಇರಬೇಕು ಎಂಬುದು ನಿಘಂಟುಕಾರರ ಅಭಿಪ್ರಾಯ. ಡೇನಿಶ್, ಸ್ವೀಡಿಶ್ ಭಾಷೆಗಳಲ್ಲಿ ಅದರ ಸೋದರ ಪದಗಳು ಇವತ್ತಿಗೂ ಇವೆ.

ಅದಕ್ಕೂ ಮೊದಲು ಹಳೆಯ ಇಂಗ್ಲಿಷಿನಲ್ಲಿ ಮುಗುಳ್ನಗೆಗೆ ಇದ್ದ ಪದವೇ ಇಂದಿನ ಸ್ಮರ್ಕ್. ಸ್ಮೈಲ್ ಬೇರೂರಿದ ನಂತರದ ಶತಮಾನಗಳಲ್ಲಿ ಈ ಹಳೆಯ ಪದದ ಮಾನ ಇಳಿಯಿತು. ಈಗ ಅದಕ್ಕೆ ಕೊಂಕುನಗೆ, ಜಂಭದ ನಗೆ ಎಂದು ಅರ್ಥ. ಗ್ರಿನ್ ಎಂಬುದರ ಕಥೆ ಇನ್ನೊಂದು. ಮೊದಲು ಅದು ನಗುವೇ ಅಲ್ಲ. ನೋವಿನಿಂದಲೋ ಸಿಟ್ಟಿನಿಂದಲೋ ಹಲ್ಲು ಕಾಣುವಂತೆ ಮುಖ ಕಿವುಚುವುದು. ನಗು ಎಂಬ ಅರ್ಥ ಆಮೇಲೆ ಸೇರಿಕೊಂಡಿತು. ನಮ್ಮ "ಹಲ್ಲು ಕಿಸಿ"ಗೆ ಹತ್ತಿರದ ನೆಂಟ ಅದು.

ಸ್ಮೈಲ್‌ಗೆ ನಮ್ಮ ಕಡೆಯೂ ಸಂಬಂಧಿಕರಿದ್ದಾರೆ. 1786ರಲ್ಲಿ ಕಲ್ಕತ್ತೆಯಲ್ಲಿ ಮಾಡಿದ ಭಾಷಣದಲ್ಲಿ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದವು ಎಂದ ಮೇಲೆ ಇಂಥ ನೆಂಟಸ್ತನ ಹುಡುಕುವ ಕೆಲಸಕ್ಕೆ ವೇಗ ಬಂತು. ಸಂಸ್ಕೃತದ "ಸ್ಮಿ" ಧಾತುವಿಗೂ ಸ್ಮೈಲ್‌ಗೂ ಬೇರು ಒಂದೇ. ಅಂದರೆ ನಮ್ಮೂರ ಶಾಲೆಯ ಹಾಜರಿ ಪುಸ್ತಕದಲ್ಲಿರುವ ಸ್ಮಿತಾ, ಸುಷ್ಮಿತಾ ಎಂಬ ಹೆಸರುಗಳು ಇಂಗ್ಲಿಷಿನ ಸ್ಮೈಲ್‌ಗೆ ದೂರದ ಅಕ್ಕತಂಗಿಯರು. "ವಿಸ್ಮಯ"ವೂ ಇದೇ ಧಾತುವಿನದು. ಲ್ಯಾಟಿನ್‌ನಿಂದ ಬಂದ ಮಿರಾಕಲ್, ಅಡ್ಮೈರ್ ಪದಗಳನ್ನೂ ವಿದ್ವಾಂಸರು ಇದೇ ಬೇರಿಗೆ ಸೇರಿಸುತ್ತಾರೆ. ಅಚ್ಚರಿಪಟ್ಟವರ ಮುಖ ಅರಳುತ್ತದಲ್ಲ, ಅದಕ್ಕೇ ಇರಬೇಕು. ಆದರೆ "ಅಸ್ಮಿತೆ"ಯನ್ನು ಈ ಗುಂಪಿಗೆ ಸೇರಿಸಬೇಡಿ. ಅದು "ಅಸ್ಮಿ", ಅಂದರೆ "ಇದ್ದೇನೆ" ಎಂಬುದರಿಂದ ಬಂದದ್ದು.

ನಮ್ಮ ನಗು ಮಾತ್ರ ಈ ಕುಟುಂಬಕ್ಕೆ ಸೇರುವುದಿಲ್ಲ. ದ್ರಾವಿಡ ಭಾಷೆಗಳ ಬೇರು ಬೇರೆ ಎಂದು 1816ರಲ್ಲಿ ಮದರಾಸಿನಲ್ಲಿ ಎಲ್ಲಿಸ್ ತೋರಿಸಿಕೊಟ್ಟ. ಬರೋ ಮತ್ತು ಎಮಿನೋ 1961ರಲ್ಲಿ ಹೊರತಂದ ದ್ರಾವಿಡ ನಿಘಂಟಿನಲ್ಲಿ ಕನ್ನಡದ ನಗು, ತಮಿಳಿನ ನಗೈ, ತೆಲುಗಿನ ನವ್ವು ಒಟ್ಟಿಗೆ ಕೂತಿವೆ. ತಮಿಳಿನಲ್ಲಿ ನಗೈ ಅಂದರೆ ನಗುವೂ ಹೌದು, ಒಡವೆಯೂ ಹೌದು. ತುಳುವರು ಮಾತ್ರ "ತೆಲಿಪು" ಎಂದು ಬೇರೆ ದಾರಿ ಹಿಡಿದಿದ್ದಾರೆ.

ನಗು ನಮ್ಮ ಮನೆಯ ಪದ ಅನ್ನುವುದಕ್ಕೆ ನಿಘಂಟು ತೆರೆಯಲೇಬೇಕೆಂದಿಲ್ಲ. ಸಿಗು-ಸಿಕ್ಕಿತು, ಮಿಗು-ಮಿಕ್ಕಿತು, ಹಾಗೆಯೇ ನಗು-ನಕ್ಕಿತು. ತನ್ನ ಕಾಲ ಮೇಲೆ ತಾನು ನಿಲ್ಲುವ ಕ್ರಿಯಾಪದ ಅದು. ಸ್ಮೈಲ್‌ಗೆ ಆ ಶಕ್ತಿ ಇಲ್ಲ, "ಮಾಡು" ಅದರ ಕೈ ಹಿಡಿಯಬೇಕು. "ಅವಳು ಸ್ಮೈಲಿದಳು" ಎಂದು ಯಾರೂ ಅನ್ನುವುದಿಲ್ಲ. ಇನ್ನು ಮುಗುಳ್ನಗೆ: ಮುಗುಳ್ ಎಂದರೆ ಮೊಗ್ಗು. ಅರೆಬಿರಿದ ಮೊಗ್ಗಿನಂಥ ನಗು. ಸ್ಮೈಲ್‌ನಲ್ಲೂ ಸ್ಮಿತದಲ್ಲೂ ಈ ಚಿತ್ರ ಇಲ್ಲ.

ಆದರೆ ನಗುವಿಗೂ ಮೇಲುಕೀಳು ಕಟ್ಟಿದ್ದು ಇಂಗ್ಲಿಷ್ ಅಲ್ಲ. ನಾಟ್ಯಶಾಸ್ತ್ರದ ಆರನೇ ಅಧ್ಯಾಯ ನಗುವನ್ನು ಆರು ಬಗೆ ಮಾಡುತ್ತದೆ. ಸ್ಮಿತ ಮತ್ತು ಹಸಿತ ಉತ್ತಮರಿಗೆ, ವಿಹಸಿತ ಮತ್ತು ಉಪಹಸಿತ ಮಧ್ಯಮರಿಗೆ, ಅಪಹಸಿತ ಮತ್ತು ಅತಿಹಸಿತ ಅಧಮರಿಗೆ. ಸ್ಮಿತದಲ್ಲಿ ಹಲ್ಲು ಕಾಣಬಾರದು. ಅದು ರಂಗದ ಪಾತ್ರಗಳಿಗೆ ಬರೆದ ನಿಯಮ ನಿಜ. ಆದರೆ "ಹೆಣ್ಣುಮಗಳು, ಹಲ್ಲು ಕಾಣೋ ಹಂಗೆ ನಗಬೇಡ" ಎಂದು ಜಗಲಿಯ ಮೇಲೆ ಕೇಳುವ ಮಾತು ಅದಕ್ಕಿಂತ ಎಷ್ಟು ದೂರ? ಯಜಮಾನರ ಮುಂದೆ ಆಳು ನಕ್ಕರೆ ಇವತ್ತಿಗೂ "ಯಾಕಲೇ ಹಲ್ಲು ಕಿಸೀತಿ" ಅನ್ನುವವರಿದ್ದಾರೆ.

ಸುದ್ದಿ ಬರೆಯುವ ನಾವು ಇದನ್ನು ಗಮನಿಸಬೇಕು. ಪತ್ರಿಕೆಗಳಲ್ಲಿ ಮಂತ್ರಿಗಳು ಮಂದಹಾಸ ಬೀರುತ್ತಾರೆ, ಅಧಿಕಾರಿ ಮುಗುಳ್ನಗುತ್ತಾರೆ, ಆರೋಪಿ ಹಲ್ಲು ಕಿರಿಯುತ್ತಾನೆ. ಮುಖದ ಮೇಲೆ ಆದದ್ದು ಮೂವರಿಗೂ ಒಂದೇ ಇರಬಹುದು, ಪದ ಆರಿಸಿದ್ದು ಬರೆದವರ ಕೈ. ಇಂಗ್ಲಿಷಿನಲ್ಲಿ ಸ್ಮರ್ಕ್ ಕೆಳಗಿಳಿಯಲು ಶತಮಾನಗಳು ಹಿಡಿದವು. ನಮ್ಮಲ್ಲಿ ಒಬ್ಬ ಮನುಷ್ಯನ ನಗುವನ್ನು ಕೆಳಗಿಳಿಸಲು ಒಂದು ಸಾಲು ಸಾಕು. ಯಾರೇ ನಕ್ಕರೂ "ನಕ್ಕರು" ಎಂದು ಬರೆದರೆ ಸುದ್ದಿಗೆ ಏನೂ ಕಡಿಮೆಯಾಗುವುದಿಲ್ಲ.