ಚಂದಾದಾರರ ಪಟ್ಟಿಯಿಂದ ಪ್ರೊಫೈಲ್ ಪಟ್ಟಿಯವರೆಗೆ

ಓದುಗರು ಯಾರು, ಅವರಿಗೆ ಏನು ಬೇಕು ಎಂಬ ಪ್ರಶ್ನೆ ಕನ್ನಡ ಪ್ರಕಾಶನದ ಜೊತೆಯಲ್ಲೇ ಹುಟ್ಟಿದ್ದು. ಇಂದು ಅದಕ್ಕೆ ಉತ್ತರ ಹುಡುಕುವ ಬಗೆ ಬದಲಾಗಿದೆ. ಸಾಮಾಜಿಕ ಜಾಲತಾಣಗಳಲ್ಲಿರುವ ಕೆಲವು ನೂರು ಅಥವಾ ಕೆಲವು ಸಾವಿರ ಪ್ರೊಫೈಲ್‌ಗಳನ್ನು ಆಯ್ದು ಒಂದು ಪಟ್ಟಿ ಮಾಡುತ್ತಾರೆ. ಆ ಪಟ್ಟಿಯಲ್ಲಿರುವವರು ಯಾರನ್ನು ಹಿಂಬಾಲಿಸುತ್ತಾರೆ, ಯಾವುದನ್ನು ಮೆಚ್ಚುತ್ತಾರೆ, ಯಾವ ಹೊತ್ತಿನಲ್ಲಿ ಬರೆಯುತ್ತಾರೆ ಎಂಬುದನ್ನು ನೋಡಿ ಅವರ ಅಭಿರುಚಿಯನ್ನು ಅಳೆಯುತ್ತಾರೆ. ಸಾಬೂನು ಮಾರುವವರಿಂದ ಹಿಡಿದು ಚುನಾವಣೆ ನಡೆಸುವವರವರೆಗೆ ಎಲ್ಲರೂ ಈ ಕ್ರಮವನ್ನು ಬಳಸುತ್ತಿದ್ದಾರೆ. ಸಾಹಿತ್ಯ ಬಳಗಗಳೂ ಪ್ರಕಾಶಕರೂ ಇದರತ್ತ ಕಣ್ಣು ಹಾಯಿಸುತ್ತಿರುವಾಗ, ಇಂಥ ಪಟ್ಟಿಗಳ ಪೂರ್ವೇತಿಹಾಸವನ್ನು ನಾವು ಒಮ್ಮೆ ನೋಡುವುದು ಉಚಿತ.

ಕನ್ನಡ ಕಾದಂಬರಿಯ ಆರಂಭಕಾಲದಲ್ಲಿ ಗಳಗನಾಥರು, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿಯವರು, ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆಂಬುದು ನಮ್ಮ ಸಾಹಿತ್ಯಚರಿತ್ರೆಯ ಸುಪರಿಚಿತ ಸಂಗತಿ. ಅವರಿಗೆ ಓದುಗರ ಅಭಿರುಚಿ ತಿಳಿದದ್ದು ಮನೆಯ ಜಗುಲಿಯಲ್ಲಿ, ಎದುರಾಎದುರು ಮಾತಿನಲ್ಲಿ. 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದಾಗ ಚಂದಾದಾರರ ಬಲವನ್ನು ನೆಚ್ಚಿಕೊಂಡರು. ಚಂದಾದಾರನಾಗುವವನು ತನ್ನ ಹೆಸರು, ವಿಳಾಸಗಳನ್ನು ತಾನೇ ಬರೆದುಕೊಡುತ್ತಿದ್ದ. ಅದು ಯಾರ ಕೈಗೆ, ಯಾವ ಉದ್ದೇಶಕ್ಕೆ ಹೋಗುತ್ತದೆಂಬುದು ಅವನಿಗೆ ತಿಳಿದಿತ್ತು. ಪ್ರತಿಯಾಗಿ ಅಂಚೆಯಲ್ಲಿ ಪುಸ್ತಕ ಬರುತ್ತಿತ್ತು. ಹೀಗೆ ಆ ಪಟ್ಟಿ ಎರಡೂ ಕಡೆಯವರು ಅರಿತು ಮಾಡಿಕೊಂಡ ಒಂದು ಒಪ್ಪಂದವಾಗಿತ್ತು.

ಸುಮಾರು ಅದೇ ಹೊತ್ತಿನಲ್ಲಿ ಅಮೆರಿಕದಲ್ಲಿ ಬೇರೊಂದು ಬಗೆಯ ಪಟ್ಟಿ ತನ್ನ ಮಿತಿಯನ್ನು ಬಹಿರಂಗವಾಗಿ ತೋರಿಸಿಕೊಂಡಿತು. ‘ಲಿಟರರಿ ಡೈಜೆಸ್ಟ್’ ಎಂಬ ಜನಪ್ರಿಯ ವಾರಪತ್ರಿಕೆ 1936ರ ಅಧ್ಯಕ್ಷೀಯ ಚುನಾವಣೆಯ ಒಲವನ್ನು ತಿಳಿಯಲು ಸುಮಾರು 1 ಕೋಟಿ ಜನರಿಗೆ ಮಾದರಿ ಮತಪತ್ರಗಳನ್ನು ಕಳುಹಿಸಿತು. ವಿಳಾಸಗಳನ್ನು ತೆಗೆದದ್ದು ಮುಖ್ಯವಾಗಿ ದೂರವಾಣಿ ಡೈರೆಕ್ಟರಿ ಮತ್ತು ಮೋಟಾರು ಕಾರುಗಳ ನೋಂದಣಿ ಪಟ್ಟಿಗಳಿಂದ. 20 ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ಲ್ಯಾಂಡನ್ ಗೆಲ್ಲುತ್ತಾರೆಂದು ಪತ್ರಿಕೆ ಸಾರಿತು. ಆದರೆ ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ಆರ್ಥಿಕ ಕುಸಿತದ ಆ ದಿನಗಳಲ್ಲಿ ಫೋನು, ಕಾರು ಉಳ್ಳವರು ದೇಶದ ಒಂದು ಭಾಗ ಮಾತ್ರ. ಅವರಲ್ಲಿಯೂ ಕಾರ್ಡನ್ನು ತುಂಬಿ ಮರಳಿ ಕಳುಹಿಸುವಷ್ಟು ಉತ್ಸಾಹವಿದ್ದವರು ಇನ್ನೂ ಸಣ್ಣ ಭಾಗ. ಬಹಳ ಚಿಕ್ಕ ಮಾದರಿಯನ್ನು ಎಚ್ಚರದಿಂದ ಆಯ್ದ ಜಾರ್ಜ್ ಗ್ಯಾಲಪ್ ಗೆಲ್ಲುವವರು ಯಾರೆಂಬುದನ್ನು ಸರಿಯಾಗಿ ಹೇಳಿದರು. ಪಟ್ಟಿಯ ಬಾಗಿಲು ಓರೆಯಾಗಿದ್ದರೆ ಎಷ್ಟು ಜನ ಒಳಗೆ ಬಂದರೂ ಪ್ರಯೋಜನವಿಲ್ಲವೆಂಬುದು ಅಂದೇ ಸ್ಪಷ್ಟವಾಗಿತ್ತು.

ಡಿಜಿಟಲ್ ಯುಗದಲ್ಲಿ ಪಟ್ಟಿ ಮಾಡುವುದು ಬೆರಳ ತುದಿಯ ಕೆಲಸವಾಯಿತು. 2009ರಲ್ಲಿ ಟ್ವಿಟ್ಟರ್ ತನ್ನ ಬಳಕೆದಾರರಿಗೆ ಖಾತೆಗಳ ಪಟ್ಟಿ ಮಾಡಿಕೊಳ್ಳುವ ಸೌಲಭ್ಯ ಕೊಟ್ಟಿತು. 2012ರಲ್ಲಿ ಫೇಸ್‌ಬುಕ್, ವ್ಯಾಪಾರಿಗಳು ತಮ್ಮಲ್ಲಿರುವ ಗಿರಾಕಿಗಳ ಇ-ಮೇಲ್ ಮತ್ತು ಫೋನ್ ಸಂಖ್ಯೆಗಳನ್ನು ಸಂಕೇತರೂಪಕ್ಕೆ ತಿರುಗಿಸಿ ಏರಿಸಿದರೆ, ಅವು ಯಾವ ಖಾತೆಗಳಿಗೆ ಹೊಂದುತ್ತವೆಂದು ಗುರುತಿಸಿ ಅವರಿಗೇ ಜಾಹೀರಾತು ತೋರಿಸುವ ವ್ಯವಸ್ಥೆಯನ್ನು ತಂದಿತು. ಮರುವರ್ಷ, ಆ ಪಟ್ಟಿಯವರನ್ನು ಹೋಲುವ ಹೊಸಬರನ್ನು ಹುಡುಕಿಕೊಡುವ ಸೌಲಭ್ಯವೂ ಬಂತು.

ಇಂಥ ಪಟ್ಟಿಯಿಂದ ಅಭಿರುಚಿಯನ್ನು ಓದುವ ಕ್ರಮ ಸರಳವಾದದ್ದೇ, ಆದರೆ ಅದರಲ್ಲಿ ಒಂದು ಸೂಕ್ಷ್ಮವಿದೆ. ಉದಾಹರಣೆಗೆ ಒಂದು ಸಾಹಿತ್ಯ ಬಳಗವನ್ನು ಹಿಂಬಾಲಿಸುವ 500 ಮಂದಿಯ ಪಟ್ಟಿಯಿದೆ ಎಂದುಕೊಳ್ಳೋಣ. ಅವರಲ್ಲಿ 300 ಮಂದಿ ಒಬ್ಬ ಕ್ರಿಕೆಟಿಗನನ್ನೂ 40 ಮಂದಿ ಒಂದು ಯಕ್ಷಗಾನ ಮೇಳವನ್ನೂ ಹಿಂಬಾಲಿಸುತ್ತಾರೆ. ಮೇಲ್ನೋಟಕ್ಕೆ ಕ್ರಿಕೆಟ್ಟೇ ಇವರ ಮುಖ್ಯ ಆಸಕ್ತಿ. ಆದರೆ ಸಾಮಾನ್ಯ ಬಳಕೆದಾರರಲ್ಲೂ 100ಕ್ಕೆ 60 ಮಂದಿ ಆ ಕ್ರಿಕೆಟಿಗನನ್ನು ಹಿಂಬಾಲಿಸುವುದಾದರೆ ಈ ಬಳಗದ ವಿಶೇಷವೇನೂ ಅದರಲ್ಲಿ ಇಲ್ಲ. ಮೇಳವನ್ನು ಹಿಂಬಾಲಿಸುವವರು ಸಾಮಾನ್ಯರಲ್ಲಿ 100ಕ್ಕೆ 1, ಇಲ್ಲಿ 100ಕ್ಕೆ 8. ಈ ಎಂಟು ಪಟ್ಟು ವ್ಯತ್ಯಾಸವೇ ನಿಜವಾದ ಸುಳಿವು. ಹೋಲಿಸಿ ನೋಡಲು ಎರಡನೆಯ ಗುಂಪಿಲ್ಲದ ಪಟ್ಟಿ ಎಲ್ಲರಿಗೂ ಇಷ್ಟವಾದುದನ್ನೇ ಇವರ ಇಷ್ಟವೆಂದು ಹೇಳುತ್ತದೆ.

ಈ ಸುಳಿವುಗಳ ಶಕ್ತಿ ಸಣ್ಣದಲ್ಲ. 58 ಸಾವಿರಕ್ಕೂ ಹೆಚ್ಚು ಸ್ವಯಂಸೇವಕರ ಫೇಸ್‌ಬುಕ್ ಮೆಚ್ಚುಗೆಗಳನ್ನು ಅಧ್ಯಯನ ಮಾಡಿದ ಕೋಸಿನ್ಸ್ಕಿ, ಸ್ಟಿಲ್‌ವೆಲ್, ಗ್ರೇಪಲ್ ಎಂಬ ಸಂಶೋಧಕರು, ಒಬ್ಬನ ರಾಜಕೀಯ ಒಲವು, ಧರ್ಮ, ಸ್ವಭಾವಗಳನ್ನು ಅವನು ಹೇಳದೆಯೇ ಬಹುಮಟ್ಟಿಗೆ ಊಹಿಸಬಹುದೆಂದು 2013ರಲ್ಲಿ ತೋರಿಸಿದರು. 2018ರಲ್ಲಿ ಕೇಂಬ್ರಿಜ್ ಅನಾಲಿಟಿಕಾ ಪ್ರಕರಣ ಹೊರಬಿತ್ತು. ಆಗ ಫೇಸ್‌ಬುಕ್ ತಾನೇ ಕೊಟ್ಟ ಲೆಕ್ಕದಲ್ಲಿ ಭಾರತಕ್ಕೆ ಸಂಬಂಧಿಸಿದ ಒಂದು ಅಂಶ ನಮ್ಮನ್ನು ಬೆಚ್ಚಿಸುವಂಥದು. ಆ ಆ್ಯಪ್ ಅನ್ನು ಇಲ್ಲಿ ಹಾಕಿಕೊಂಡವರು 335 ಮಂದಿ. ಅವರ ಸ್ನೇಹಸಂಬಂಧಗಳ ಮೂಲಕ ಮಾಹಿತಿ ಹೊರಹೋಗಿರಬಹುದಾದವರು ಸುಮಾರು 5.62 ಲಕ್ಷ. ಚಂದಾದಾರನೊಬ್ಬ ತನ್ನ ವಿಳಾಸ ಬರೆದುಕೊಟ್ಟರೆ ಅವನ ನೆರೆಹೊರೆಯವರ ವಿಳಾಸವೆಲ್ಲ ತಾನಾಗಿ ಪ್ರಕಾಶಕನ ಕಡತಕ್ಕೆ ಸೇರುತ್ತಿರಲಿಲ್ಲ. ಹಳೆಯ ಪಟ್ಟಿಗೂ ಹೊಸ ಪಟ್ಟಿಗೂ ಇರುವ ಅಂತರ ಇದು.

ಈಗ ಈ ಅಳತೆಗೋಲನ್ನು ನಮ್ಮ ವಿಠ್ಠಲವಾಡಿಯ ಮೇಲೆ ಇಟ್ಟು ನೋಡೋಣ. ಕಲ್ಯಾಣ ಮತ್ತು ಉಲ್ಲಾಸನಗರಗಳ ನಡುವಿನ ಈ ಚಿಕ್ಕ ನಿಲ್ದಾಣದ ಆಸುಪಾಸಿನಲ್ಲಿ ಕನ್ನಡ ಓದುವವರು ಯಾರು? 2011ರ ಜನಗಣತಿಯ ಪ್ರಕಾರ ಮಹಾರಾಷ್ಟ್ರದಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಹೇಳಿದವರು ಸುಮಾರು 10 ಲಕ್ಷ. ಆದರೆ ಗಣತಿಯಲ್ಲಿ ತುಳು ಬೇರೆ ಭಾಷೆ, ಕೊಂಕಣಿ ಬೇರೆ ಭಾಷೆ. ಮುಂಬಯಿಯ ಕನ್ನಡವನ್ನು ಕಟ್ಟಿದವರಲ್ಲಿ ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುತ್ತ, ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿ ಶಾಲೆಗಳಲ್ಲಿ ಕನ್ನಡ ಕಲಿತವರು ಅಸಂಖ್ಯ. ಗಣತಿಯ ‘ಕನ್ನಡ’ ಕಲಂನಲ್ಲಿ ಅವರಿಲ್ಲ.

ಪ್ರೊಫೈಲ್ ಪಟ್ಟಿಯಲ್ಲಿಯಾದರೂ ಇರುತ್ತಾರೆಯೇ? ಉಡುಪಿಯಿಂದ ಬಂದು ಡೊಂಬಿವಲಿಯಲ್ಲಿ ನೆಲೆಸಿದ ಹಿರಿಯರೊಬ್ಬರ ಫೋನಿನ ಭಾಷೆ ಇಂಗ್ಲಿಷ್, ನೆಲೆ ಮಹಾರಾಷ್ಟ್ರ, ಸಂದೇಶಗಳ ಭಾಷೆ ಅರ್ಧ ಹಿಂದಿ. ಅವರು ಕನ್ನಡ ಪತ್ರಿಕೆಯನ್ನು ಓದುವುದು ಕಾಗದದ ಮೇಲೆ; ಅದರ ಜಾಡು ಯಾವ ಯಂತ್ರಕ್ಕೂ ಸಿಗದು. ಸೊಲ್ಲಾಪುರ, ಕಲಬುರಗಿಗಳ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಹೆಣ್ಣುಮಗಳಿಗೆ ನೂರಾರು ಜನಪದ ಹಾಡುಗಳು ಬಾಯಿಗೆ ಬರುತ್ತವೆ, ಪ್ರೊಫೈಲೇ ಇರುವುದಿಲ್ಲ. ಮರಾಠಿ ಅಥವಾ ಇಂಗ್ಲಿಷ್ ಶಾಲೆಯಲ್ಲಿ ಓದಿದ ನಮ್ಮ ಮಕ್ಕಳು ಕನ್ನಡ ಕೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ, ಲಿಪಿ ಓದಲಾರರು. ಪಕ್ಕದ ಉಲ್ಲಾಸನಗರದ ಸಿಂಧಿ ಬಂಧುಗಳೂ ಇದೇ ನೋವನ್ನು ಬಲ್ಲರು. ಪ್ರೊಫೈಲ್‌ಗಳನ್ನಷ್ಟೇ ನೋಡಿ ‘ಇಲ್ಲಿ ಕನ್ನಡದ ಓದುಗರು ಕಡಿಮೆ’ ಎಂದು ತೀರ್ಮಾನಿಸಿ, ಆ ತೀರ್ಮಾನದ ಮೇಲೆ ಪುಸ್ತಕದ ಮಳಿಗೆಯನ್ನೋ ಕಾರ್ಯಕ್ರಮವನ್ನೋ ಕೈಬಿಟ್ಟರೆ, 1936ರ ಪತ್ರಿಕೆಯ ತಪ್ಪು ನಮ್ಮ ಭಾಷೆಯ ಮೇಲೆ ಮರುಕಳಿಸುತ್ತದೆ. ಅಲ್ಲಿ ಮತ ಎಣಿಸಿದಾಗ ತಪ್ಪು ಬಯಲಾಯಿತು. ಇಲ್ಲಿ ಅದನ್ನು ಬಯಲು ಮಾಡುವ ಮತ ಎಣಿಕೆ ಎಂದೂ ನಡೆಯುವುದಿಲ್ಲ.

ಹಾಗೆಂದು ಪಟ್ಟಿಯೇ ಬೇಡವೆನ್ನುವಂತಿಲ್ಲ. ಚಂದಾದಾರರ ಪಟ್ಟಿಯಿಲ್ಲದೆ ಗ್ರಂಥಮಾಲೆಗಳು ಬದುಕುತ್ತಿರಲಿಲ್ಲ. ಪ್ರಶ್ನೆ ಇರುವುದು ಒಪ್ಪಿಗೆಯದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಇಳಿವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಆ ಮೊಕದ್ದಮೆಯಲ್ಲಿ 9 ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂತು. ಆದರೆ ಒಬ್ಬ ವ್ಯಕ್ತಿ ತಾನೇ ಸಾರ್ವಜನಿಕವಾಗಿ ಪ್ರಕಟಿಸಿದ ಮಾಹಿತಿಗೆ ಆ ಕಾಯಿದೆ ಅನ್ವಯಿಸುವುದಿಲ್ಲ. ಬಹಿರಂಗವಾಗಿಟ್ಟ ಪ್ರೊಫೈಲ್‌ಗಳ ಪಟ್ಟಿ ಬಹುಪಾಲು ಈ ಬಯಲಿನಲ್ಲೇ ಬೀಳುತ್ತದೆ. ಕಾನೂನು ಸುಮ್ಮನಿರುವಲ್ಲಿ ಮರ್ಯಾದೆ ಮಾತನಾಡಬೇಕಾಗುತ್ತದೆ.

ಆದ್ದರಿಂದ ಬಳಗಗಳು ಪಟ್ಟಿ ಮಾಡುವುದಾದರೆ ಮೂರು ಪ್ರಶ್ನೆಗಳನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಇದರಲ್ಲಿರುವವರಿಗೆ ತಾವು ಇದರಲ್ಲಿದ್ದೇವೆಂದು ಗೊತ್ತೇ? ಇವರನ್ನು ಯಾರೊಡನೆ ಹೋಲಿಸಿ ನೋಡುತ್ತಿದ್ದೇವೆ? ಇದರಲ್ಲಿ ಇಲ್ಲದವರು ಯಾರು? ಮೊದಲಿನ ಎರಡಕ್ಕೆ ಕುಳಿತಲ್ಲೇ ಉತ್ತರ ಸಿಗಬಹುದು. ಮೂರನೆಯದಕ್ಕೆ ಗಳಗನಾಥರಂತೆ ಎದ್ದು ಮನೆಗಳ ಬಾಗಿಲಿಗೆ ಹೋಗಲೇಬೇಕು.