ರಾಣಿಯ ತಲೆ, ರೂಪಾಯಿಯ ಬೆಲೆ: ಕೊಲ್ಲಿಯ ಬ್ರಿಟಿಷ್ ಅಂಚೆಚೀಟಿಗಳು, 1948–1966

ಬ್ರಿಟನ್ನಿನ ಐದು ಪೆನ್ನಿಯ ಒಂದು ಕಂದು ಅಂಚೆಚೀಟಿ. ನಡುವೆ ಎರಡನೆಯ ಎಲಿಜಬೆತ್ ರಾಣಿಯ ಮುಖ. ಡೊರೊತಿ ವೈಲ್ಡಿಂಗ್ ತೆಗೆದ ಛಾಯಾಚಿತ್ರವನ್ನು ಆಧರಿಸಿದ್ದು. ಸುತ್ತಲೂ ಇಂಗ್ಲೆಂಡಿನ ಗುಲಾಬಿ, ಸ್ಕಾಟ್ಲೆಂಡಿನ ಥಿಸಲ್, ವೇಲ್ಸಿನ ಡ್ಯಾಫೊಡಿಲ್, ಉತ್ತರ ಐರ್ಲೆಂಡಿನ ಶ್ಯಾಮ್‌ರಾಕ್. ಹೀಗೆ ನಾಲ್ಕು ನಾಡುಗಳ ಗುರುತುಗಳನ್ನು ಅಚ್ಚುಕಟ್ಟಾಗಿ ಜೋಡಿಸಿದ ಚೀಟಿಯ ಮೇಲೆ, ಕಪ್ಪು ಮಸಿಯಲ್ಲಿ, ಆಮೇಲೆ ಹೊಡೆದ ಇನ್ನೊಂದು ಅಚ್ಚು: 1 ಎನ್‌ಪಿ. ಎನ್‌ಪಿ ಎಂದರೆ ನಯಾಪೈಸೆ, ರೂಪಾಯಿಯ ನೂರರಲ್ಲೊಂದು ಪಾಲು. ಚೀಟಿ ಹೊರಬಂದದ್ದು 1957ರಲ್ಲಿ. ಭಾರತ ಸ್ವತಂತ್ರವಾಗಿ ಆಗಲೇ ಹತ್ತು ವರ್ಷ ತುಂಬುತ್ತ ಬಂದಿತ್ತು. ಗಣರಾಜ್ಯವಾಗಿಯೂ ಏಳು ವರ್ಷ ಕಳೆದಿದ್ದವು. ದೆಹಲಿಯ ಮೇಲೆ ಯಾವ ಹಕ್ಕೂ ಉಳಿದಿರದ ರಾಣಿಯ ಮುಖದ ಮೇಲೆ ದೆಹಲಿಯ ಸಂಸತ್ತು ತೀರ್ಮಾನಿಸಿದ ನಾಣ್ಯದ ಹೆಸರು ಬಂದು ಕೂತದ್ದು ಹೇಗೆ?

ಯುದ್ಧಾನಂತರದ ಬ್ರಿಟಿಷ್ ಅಂಚೆಚೀಟಿಯ ಚರಿತ್ರೆಯನ್ನು ಸಾಮಾನ್ಯವಾಗಿ ಲಂಡನ್ನಿನ ಕಥೆಯಾಗಿ ಹೇಳುತ್ತಾರೆ. 1946ರ ವಿಜಯದ ಚೀಟಿಗಳು, 1948ರ ಒಲಿಂಪಿಕ್ಸ್, 1952ರ ಡಿಸೆಂಬರಿನಿಂದ ವೈಲ್ಡಿಂಗ್ ಸರಣಿ, 1964ರಲ್ಲಿ ಷೇಕ್ಸ್‌ಪಿಯರ್, ಆಮೇಲೆ ಅಂಚೆ ಖಾತೆಯ ಮಂತ್ರಿ ಟೋನಿ ಬೆನ್ ಮತ್ತು ಕಲಾವಿದ ಡೇವಿಡ್ ಜಂಟಲ್‌ಮನ್ ಕೂಡಿ ಚೀಟಿಯಿಂದ ರಾಣಿಯ ತಲೆಯನ್ನೇ ತೆಗೆಯಲು ನಡೆಸಿದ ಯತ್ನ, ಕೊನೆಗೆ 1967ರಲ್ಲಿ ಆರ್ನಲ್ಡ್ ಮೇಚಿನ್ ರೂಪಿಸಿದ ತಲೆ. ಕಥೆ ಸೊಗಸಾಗಿಯೇ ಇದೆ. ಆದರೆ ಇದೇ ವರ್ಷಗಳಲ್ಲಿ ಇದೇ ಚೀಟಿಗಳು ಆಣೆ ಮತ್ತು ರೂಪಾಯಿಯ ಮೇಲಚ್ಚು ಹೊತ್ತು ಪರ್ಷಿಯನ್ ಕೊಲ್ಲಿಯ ಬಂದರುಗಳಲ್ಲಿ ಮಾರಾಟವಾಗುತ್ತಿದ್ದವು ಎಂಬುದು ಆ ಕಥೆಯಲ್ಲಿ ಬರುವುದಿಲ್ಲ. ಸಂಗ್ರಾಹಕರ ಪಟ್ಟಿಗಳು ಅವನ್ನು ಬಹರೇನ್, ಕುವೈತ್, ಮಸ್ಕತ್, ಕತಾರ್ ಎಂದು ಬೇರೆ ಬೇರೆ ಪುಟಗಳಿಗೆ ಹಂಚಿಬಿಡುತ್ತವೆ. ಹಾಗೆ ಹಂಚಿದಾಗ ಅವು ಚಿಲ್ಲರೆ ವಿಚಿತ್ರಗಳಂತೆ ತೋರುತ್ತವೆ. ಒಟ್ಟಿಗೆ ಇಟ್ಟು ನೋಡಿದರೆ ಬೇರೊಂದು ವಿಷಯ ಕಾಣುತ್ತದೆ: ಕೊಲ್ಲಿಯಲ್ಲಿ ಲಂಡನ್ ತಾನು ಕಟ್ಟಿದ ಮನೆಯಲ್ಲಿ ಇರಲಿಲ್ಲ. ಬ್ರಿಟಿಷ್ ಇಂಡಿಯಾ ಕಟ್ಟಿ ಬಿಟ್ಟುಹೋದ ಮನೆಗೆ ಕೊನೆಗಾಲದಲ್ಲಿ ಬಂದ ಒಕ್ಕಲು ಅದು. ಗೋಡೆಗೆ ಪಟ ತೂಗುಹಾಕಲು ಅದಕ್ಕೆ ಸಾಧ್ಯವಾಯಿತು, ಮನೆಯ ಲೆಕ್ಕದ ಪುಸ್ತಕ ಬದಲಿಸಲು ಆಗಲಿಲ್ಲ.

ಆ ಮನೆಯ ಪಾಯ ಹಳೆಯದು. ಮಸ್ಕತ್ತಿನಲ್ಲಿ ಭಾರತೀಯ ಅಂಚೆ ಕಚೇರಿ ತೆರೆದದ್ದು 1864ರಲ್ಲಿ, ಬಹರೇನಿನಲ್ಲಿ 1884ರಲ್ಲಿ, ದುಬೈಯಲ್ಲಿ 1909ರಲ್ಲಿ. ಕುವೈತಿನಲ್ಲಿ ವಿಧ್ಯುಕ್ತವಾಗಿ 1915ರಲ್ಲಿ. ಕೊಲ್ಲಿಯ ಬ್ರಿಟಿಷ್ ರೆಸಿಡೆಂಟ್ ಅಧಿಕಾರಿಯೂ ಭಾರತ ಸರ್ಕಾರದ ನೌಕರನೇ. ಮುತ್ತು, ಅಕ್ಕಿ, ಬಟ್ಟೆಯ ವ್ಯಾಪಾರ ಮುಂಬಯಿ, ಕರಾಚಿಗಳ ಕಡೆಗೆ ಮುಖ ಮಾಡಿತ್ತು, ಪೇಟೆಯಲ್ಲಿ ಓಡುತ್ತಿದ್ದದ್ದು ರೂಪಾಯಿ. ಹಾಗಾಗಿ ಅಲ್ಲಿ ಬಳಸಿದ್ದೂ ಭಾರತದ ಚೀಟಿಗಳೇ. 1923ರಿಂದ ಕುವೈತಿನ, 1933ರಿಂದ ಬಹರೇನಿನ ಹೆಸರು ಅವುಗಳ ಮೇಲೆ ಅಚ್ಚಾಗತೊಡಗಿತು. 1947ರ ಆಗಸ್ಟಿನಲ್ಲಿ ದೇಶ ಒಡೆದಾಗ ಈ ದೂರದ ಕಚೇರಿಗಳು ಕರಾಚಿಯ ಆಡಳಿತದ ಪಾಲಿಗೆ ಬಂದವು. ಕೆಲವು ತಿಂಗಳು ಮಸ್ಕತ್ತಿನಲ್ಲಿ ಆರನೆಯ ಜಾರ್ಜ್ ದೊರೆಯ ಭಾರತೀಯ ಚೀಟಿಗಳು ‘ಪಾಕಿಸ್ತಾನ್’ ಎಂಬ ಮೇಲಚ್ಚಿನೊಂದಿಗೆ ಓಡಾಡಿದವು. ಅರಬ್ಬೀ ಬಂದರು, ಬ್ರಿಟಿಷ್ ದೊರೆ, ಭಾರತದ ಚೀಟಿ, ಪಾಕಿಸ್ತಾನದ ಹೆಸರು ಎಲ್ಲ ಒಂದು ಅಂಗುಲದ ಕಾಗದದಲ್ಲಿ. ಆ ವರ್ಷದ ಗೊಂದಲಕ್ಕೆ ಇದಕ್ಕಿಂತ ಚೊಕ್ಕ ದಾಖಲೆ ಸಿಗುವುದು ಕಷ್ಟ. 1948ರ ಏಪ್ರಿಲ್ 1ರಂದು ಲಂಡನ್ನಿನ ಅಂಚೆ ಇಲಾಖೆ ನೇರವಾಗಿ ಹೊಣೆ ಹೊತ್ತುಕೊಂಡಿತು.

ಹೊಣೆ ಹೊತ್ತ ದಿನ ಅದು ಮಾರಾಟಕ್ಕಿಟ್ಟ ಚೀಟಿಗಳನ್ನು ಲೆಕ್ಕ ಹಾಕಿ ನೋಡಬೇಕು. ಆಗಿನ ದರದಲ್ಲಿ ಒಂದು ರೂಪಾಯಿಗೆ ಒಂದು ಷಿಲಿಂಗ್ ಆರು ಪೆನ್ನಿ, ಅಂದರೆ ಹದಿನಾರು ಆಣೆಗೆ ಹದಿನೆಂಟು ಪೆನ್ನಿ. ಅರ್ಧ ಪೆನ್ನಿಯ ಚೀಟಿಗೆ ಅರ್ಧ ಆಣೆ, ಒಂದು ಪೆನ್ನಿಗೆ ಒಂದಾಣೆ, ಎರಡೂವರೆ ಪೆನ್ನಿಗೆ ಎರಡೂವರೆ ಆಣೆ ಎಂದು ಅಚ್ಚು ಹಾಕಿದರು. ಇಲ್ಲಿಯವರೆಗೆ ವ್ಯತ್ಯಾಸ ಸಣ್ಣದು, ಲೆಕ್ಕ ಹೆಚ್ಚುಕಡಿಮೆ ತಾಳೆಯಾಗುತ್ತದೆ. ಮೇಲಕ್ಕೆ ಹೋದಂತೆ ತಾಳ ತಪ್ಪುತ್ತದೆ. ಒಂದು ಷಿಲಿಂಗಿನ ಚೀಟಿಗೆ ಒಂದು ರೂಪಾಯಿ ಎಂದು ಹಾಕಿದ್ದಾರೆ, ದರದ ಪ್ರಕಾರ ಅದು ಹತ್ತಾಣೆ ಎಂಟು ಪೈ ಮಾತ್ರ. ದೊರೆ ದಂಪತಿಯ ಬೆಳ್ಳಿ ಮದುವೆಯ ನೆನಪಿಗೆ ಅದೇ ತಿಂಗಳು ತಂದ ಒಂದು ಪೌಂಡಿನ ನೀಲಿ ಚೀಟಿಗೆ ಹದಿನೈದು ರೂಪಾಯಿ, ಪೌಂಡಿನ ನಿಜವಾದ ಬೆಲೆ ಹದಿಮೂರು ರೂಪಾಯಿ ಐದಾಣೆ ನಾಲ್ಕು ಪೈ. ಇದನ್ನು ಗುಮಾಸ್ತರ ಅಜಾಗರೂಕತೆ ಎನ್ನುವುದಕ್ಕೆ ಬರುವುದಿಲ್ಲ. ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿದರೆ ಕಾಣುವುದು ಆಣೆಯ ಮೆಟ್ಟಿಲುಗಳು: ಅರ್ಧ, ಒಂದು, ಒಂದೂವರೆ, ಎರಡು, ಎರಡೂವರೆ, ಮೂರು, ಆರು, ಆಮೇಲೆ ರೂಪಾಯಿ. ಬೇಕಾದ ಬೆಲೆಗಳು ಮೊದಲೇ ನಿಶ್ಚಯವಾಗಿದ್ದವು. ಲಂಡನ್ನಿನ ಚೀಟಿಗಳಲ್ಲಿ ಅವಕ್ಕೆ ಹತ್ತಿರ ಹೊಂದುವ ಬಣ್ಣದ ಕಾಗದವನ್ನು ಆರಿಸಿ ಅಚ್ಚೊತ್ತಿದರು. ಅಡಿಯಲ್ಲಿದ್ದ ಪೆನ್ನಿ, ಷಿಲಿಂಗುಗಳಿಗೆ ಕೊಲ್ಲಿಯ ಕೌಂಟರಿನಲ್ಲಿ ಬೆಲೆಯೇ ಇರಲಿಲ್ಲ.

ಮಸ್ಕತ್ತಿಗಾಗಿ ಅಚ್ಚಾದ ಚೀಟಿಗಳಲ್ಲಿ ಇನ್ನೊಂದು ಸಂಗತಿ ಇದೆ. ಬಹರೇನ್ ಮತ್ತು ಕುವೈತಿನ ಚೀಟಿಗಳಲ್ಲಿ ಊರಿನ ಹೆಸರಾದರೂ ಉಂಟು. ಮಸ್ಕತ್ತಿನವುಗಳಲ್ಲಿ ಅದೂ ಇಲ್ಲ; ಇರುವುದು ಬೆಲೆಯ ಮೇಲಚ್ಚೊಂದೇ. 1840ರಲ್ಲಿ ಮೊದಲ ಅಂಚೆಚೀಟಿ ತಂದ ದೇಶವೆಂಬ ಕಾರಣಕ್ಕೆ ಬ್ರಿಟನ್ ತನ್ನ ಚೀಟಿಯ ಮೇಲೆ ದೇಶದ ಹೆಸರು ಹಾಕುವುದಿಲ್ಲ, ಅರಸರ ತಲೆಯೇ ಹೆಸರು. ಆ ರಿಯಾಯಿತಿಯ ಚೀಟಿ ಕೊಲ್ಲಿಗೆ ಬಂದಾಗ ಅದರ ಮೇಲೆ ಬ್ರಿಟನ್ನಿನ ಹೆಸರೂ ಇಲ್ಲ, ಮಸ್ಕತ್ತಿನ ಹೆಸರೂ ಇಲ್ಲ. ಇದು ಲಂಡನ್ನಿನದಲ್ಲ, ಬೇರೆಲ್ಲಿಯದೋ ಎಂದು ಓದುಗನಿಗೆ ತಿಳಿಸುವ ಏಕೈಕ ಪದ ‘ಆಣೆ’. ಅಂದರೆ ಇಲ್ಲಿ ನಾಣ್ಯದ ಹೆಸರೇ ವಿಳಾಸದ ಕೆಲಸ ಮಾಡುತ್ತಿದೆ. ಈ ಚೀಟಿಗಳನ್ನು ದುಬೈಯಲ್ಲೂ ಮಾರುತ್ತಿದ್ದರು. ರೂಪಾಯಿ ಓಡುವ ಕಡೆಯೆಲ್ಲ ಅವೂ ಓಡಬಹುದಿತ್ತು. (ಬಳಸದ ಹೊಸ ಚೀಟಿ ಇಂಥ ವಿಷಯದಲ್ಲಿ ದುರ್ಬಲ ಸಾಕ್ಷಿ ಎಂಬುದನ್ನು ಒಪ್ಪಬೇಕು, ಅದು ಅಚ್ಚುಮನೆಯಿಂದ ನೇರ ಸಂಗ್ರಾಹಕನ ಆಲ್ಬಮ್ಮಿಗೆ ಹೋಗಿರಬಹುದು. ಠಸ್ಸೆ ಬಿದ್ದ ಲಕೋಟೆಯ ಮಾತೇ ಬೇರೆ.)

ನನ್ನ ವಾದಕ್ಕೆ ಹೆಚ್ಚು ಬಲ ಕೊಡುವುದು 1957. ಆ ವರ್ಷದ ಏಪ್ರಿಲ್ 1ರಂದು ಭಾರತ ಆಣೆ–ಪೈಗಳನ್ನು ಕೈಬಿಟ್ಟು ನೂರು ನಯಾಪೈಸೆಯ ರೂಪಾಯಿಗೆ ಬಂತು. ಮೈಸೂರು ರಾಜ್ಯವೂ ಸೇರಿ ದೇಶದ ಅಂಚೆ ಕಚೇರಿಗಳಿಗೆ ಭಾರತದ ನಕಾಶೆಯ ಹೊಸ ಚೀಟಿಗಳು ಬಂದದ್ದು ಅಂದೇ. ಕೊಲ್ಲಿಯಲ್ಲಿ ರಾಣಿಯ ತಲೆಯ ಚೀಟಿಗಳು ಎನ್‌ಪಿ ಎಂಬ ಮೇಲಚ್ಚು ಪಡೆದದ್ದೂ ಅಂದಿನಿಂದಲೇ. ದೆಹಲಿ ದಿನ ಗೊತ್ತುಮಾಡಿತು, ಲಂಡನ್ ಅಚ್ಚು ಹಾಕಿಸಿತು. ಹೊಸ ಬೆಲೆಗಳನ್ನು ಹತ್ತಿರದಿಂದ ನೋಡಿ: ಅರ್ಧ ಪೆನ್ನಿಗೆ 3, ಒಂದು ಪೆನ್ನಿಗೆ 6, ಒಂದೂವರೆಗೆ 9, ಎರಡಕ್ಕೆ 12, ಎರಡೂವರೆಗೆ 15 ನಯಾಪೈಸೆ. ದಶಮಾಂಶ ಪದ್ಧತಿ ಬಯಸುವ ಐದು, ಹತ್ತುಗಳು ಇಲ್ಲಿಲ್ಲ. ಆಣೆಗೆ ಆರೂಕಾಲು ಪೈಸೆಯ ಲೆಕ್ಕದಲ್ಲಿ ಇವು ಹಳೆಯ ಅರ್ಧಾಣೆ, ಒಂದಾಣೆ, ಒಂದೂವರೆ, ಎರಡು, ಎರಡೂವರೆ ಆಣೆಗಳೇ, ಭಿನ್ನರಾಶಿ ಉದುರಿಸಿಕೊಂಡು ಬಂದಿವೆ ಅಷ್ಟೆ. ನಾಲ್ಕಾಣೆ, ಎಂಟಾಣೆ ಎಂಬ ಮಾತು ನಾಣ್ಯ ಹೋದಮೇಲೂ ನಮ್ಮ ನಾಲಗೆಯಲ್ಲಿ ಉಳಿದ ಹಾಗೆ, ಕೊಲ್ಲಿಯ ಚೀಟಿಯೂ ನಯಾಪೈಸೆಯ ಅಂಗಿ ತೊಟ್ಟು ಆಣೆಯಲ್ಲೇ ಎಣಿಸುತ್ತಿತ್ತು. ಈ ಮೆಟ್ಟಿಲಿಗೆ ಸೇರದ ಬೆಲೆಗಳಲ್ಲಿ ಒಂದು, ಮೊದಲು ಹೇಳಿದ ಐದು ಪೆನ್ನಿಯ ಮೇಲಿನ 1 ನಯಾಪೈಸೆ. ಐದು ಪೆನ್ನಿ ಎಂದರೆ ದರದ ಪ್ರಕಾರ ಸುಮಾರು ಇಪ್ಪತ್ತೆಂಟು ನಯಾಪೈಸೆ. ಅಡಿಯ ಚೀಟಿ ಬರೀ ಕಾಗದ ಎಂದದ್ದಕ್ಕೆ ಇದಕ್ಕಿಂತ ಪುರಾವೆ ಬೇಡ.

ಬ್ರಿಟನ್ನೇ ದಶಮಾಂಶಕ್ಕೆ ಬಂದದ್ದು 1971ರ ಫೆಬ್ರುವರಿ 15ರಂದು, ಹದಿನಾಲ್ಕು ವರ್ಷ ತಡವಾಗಿ. ಅದು ತನ್ನ ಚಿಲ್ಲರೆಗೆ ಇಟ್ಟ ಹೆಸರೂ ‘ಹೊಸ ಪೆನ್ನಿ’. ಹಾಗಾದರೆ ರಾಣಿಯ ತಲೆಗೆ ದಶಮಾಂಶ ಕಲಿಸಿದ್ದು ನಯಾಪೈಸೆ ಎಂದುಬಿಡಲು ಆಸೆಯಾಗುತ್ತದೆ. ಹಾಗೆನ್ನುವಂತಿಲ್ಲ. ಮೊರಾಕ್ಕೊದ ಬ್ರಿಟಿಷ್ ಅಂಚೆ ಕಚೇರಿಗಳಲ್ಲಿ ಸ್ಪೇನಿನ ಸೆಂಟಿಮೊ ಮೇಲಚ್ಚಿನ ಬ್ರಿಟಿಷ್ ಚೀಟಿಗಳು ಅದಕ್ಕೂ ಮೊದಲೇ ಇದ್ದವು, ಸೆಂಟಿಮೊ ಕೂಡ ನೂರರಲ್ಲೊಂದು.

ಮೊರಾಕ್ಕೊದ ಉದಾಹರಣೆಯೇ ಈ ವಾದಕ್ಕೆ ಮುಖ್ಯ ಆಕ್ಷೇಪವೂ ಹೌದು. ಪರನಾಡಿನಲ್ಲಿ ಅಂಚೆ ಕಚೇರಿ ನಡೆಸುವವರು ಅಲ್ಲಿನ ನಾಣ್ಯದಲ್ಲಿ ಬೆಲೆ ಹಾಕುವುದು ವಾಡಿಕೆ. ಇದು ಬರೀ ಅನುಕೂಲದ ಮಾತು, ಇದರಲ್ಲಿ ಸಾಮ್ರಾಜ್ಯದ ರಹಸ್ಯ ಹುಡುಕುವುದೇಕೆ ಎಂದು ಕೇಳಬಹುದು. ಅನುಕೂಲವೆಂಬುದು ಹದಿನಾರಾಣೆ ನಿಜ. ಆದರೆ ಯಾರ ಅನುಕೂಲಕ್ಕೆ ಯಾರು ಹೊಂದಿಕೊಂಡರು ಎಂಬಲ್ಲಿ ವ್ಯತ್ಯಾಸವಿದೆ. ಮೊರಾಕ್ಕೊದ ಸ್ಪ್ಯಾನಿಷ್ ವಲಯದಲ್ಲಿ ಆಳುತ್ತಿದ್ದದ್ದು ಸ್ಪೇನ್, ಓಡುತ್ತಿದ್ದದ್ದು ಅದರದೇ ನಾಣ್ಯ, ಬ್ರಿಟನ್ ಅಲ್ಲಿ ಅತಿಥಿ. ಕೊಲ್ಲಿಯಲ್ಲಿ ಬ್ರಿಟನ್ ಅತಿಥಿಯಾಗಿರಲಿಲ್ಲ. ಅಮೀರರ ವಿದೇಶ ವ್ಯವಹಾರ, ರಕ್ಷಣೆ ಎರಡೂ ಅದರ ಕೈಯಲ್ಲಿದ್ದವು. ನಾಣ್ಯ ಹೊರಡಿಸುವ ಭಾರತಕ್ಕೆ ಅಲ್ಲಿ ಸೈನಿಕನೂ ಇಲ್ಲ, ರೆಸಿಡೆಂಟನೂ ಇಲ್ಲ. ಬಲ ಇದ್ದವನು ಬಲ ಇಲ್ಲದವನ ನಾಣ್ಯದ ಮಾತು ಕೇಳಬೇಕಾದ ಸ್ಥಿತಿ ಮೊರಾಕ್ಕೊದಲ್ಲಿ ಇರಲಿಲ್ಲ.

ಎದುರು ದಿಕ್ಕಿನ ಉತ್ಪ್ರೇಕ್ಷೆಯೂ ಅಷ್ಟೇ ಅಪಾಯಕಾರಿ. ಕೊಲ್ಲಿಯ ಚೀಟಿಯ ಮೇಲೆ ನಯಾಪೈಸೆ ಇತ್ತೆಂದ ಮಾತ್ರಕ್ಕೆ ಸ್ವತಂತ್ರ ಭಾರತದ ಪ್ರಭಾವ ಅಲ್ಲಿ ಹಬ್ಬಿತ್ತು ಎಂದು ಎದೆಯುಬ್ಬಿಸುವುದು ಸಲ್ಲದು. ಭಾರತಕ್ಕೆ ಈ ನಂಟು ತಲೆನೋವಾಗಿತ್ತು. ನೋಟುಗಳು ಕೊಲ್ಲಿಗೆ ಹೋಗಿ ಚಿನ್ನವಾಗಿ ಕಳ್ಳದಾರಿಯಲ್ಲಿ ಹಿಂದಿರುಗುತ್ತಿದ್ದವು. ಅಲ್ಲಿ ಗುಡ್ಡೆಬಿದ್ದ ರೂಪಾಯಿಗಳಿಗೆ ರಿಸರ್ವ್ ಬ್ಯಾಂಕು ಸ್ಟರ್ಲಿಂಗ್ ಕೊಡಬೇಕಾಗುತ್ತಿತ್ತು. ಅದಕ್ಕಾಗಿಯೇ 1959ರಲ್ಲಿ ಕಾಯಿದೆ ತಿದ್ದಿ, ಭಾರತದೊಳಗೆ ನಡೆಯದ, ಬೇರೆ ಬಣ್ಣದ ಕೊಲ್ಲಿ ನೋಟುಗಳನ್ನು ರಿಸರ್ವ್ ಬ್ಯಾಂಕು ಹೊರತಂದಿತು. ಆದ್ದರಿಂದ ನಾನಿಲ್ಲಿ ಹೇಳುತ್ತಿರುವುದು ಪ್ರಭಾವದ ಮಾತಲ್ಲ. ಅಂಗಡಿಯ ಗಲ್ಲಾಪೆಟ್ಟಿಗೆ, ಸಾಲದ ಪುಸ್ತಕ, ಕೂಲಿಯ ಲೆಕ್ಕ ಇವುಗಳಲ್ಲಿ ಒಂದು ಶತಮಾನ ನೆಲೆಯೂರಿದ್ದ ರೂಢಿಯ ಮಾತು. ಅದನ್ನು ಬಿಡಿಸಿಕೊಳ್ಳಲು ದೆಹಲಿಗೂ ಸುಲಭವಾಗಲಿಲ್ಲ, ಲಂಡನ್ನಿಗೂ ಆಗಲಿಲ್ಲ.

ರಾಣಿಯ ತಲೆ ಮತ್ತು ರೂಪಾಯಿಯ ಬೆಲೆ, ಇವೆರಡರಲ್ಲಿ ಮೊದಲು ಜಾಗ ಬಿಟ್ಟದ್ದು ಯಾವುದು ಎಂದು ಊರೂರಿನಲ್ಲಿ ನೋಡಿದರೆ ಈ ರೂಢಿಯ ಆಳ ತಿಳಿಯುತ್ತದೆ. ಕುವೈತ್ 1959ರ ಫೆಬ್ರುವರಿಯಲ್ಲಿ ಅಂಚೆಯನ್ನು ತನ್ನ ಕೈಗೆ ತೆಗೆದುಕೊಂಡಿತು. ಆದರೂ ಅದರ ಸ್ವಂತ ಚೀಟಿಗಳ ಬೆಲೆ ನಯಾಪೈಸೆಯಲ್ಲೇ ಇತ್ತು, ದಿನಾರ್ ಬಂದದ್ದು 1961ರ ಏಪ್ರಿಲಿನಲ್ಲಿ. ಬಹರೇನಿನಲ್ಲಿ 1960ರಲ್ಲಿ ರಾಣಿಯ ಬದಲು ಅಲ್ಲಿನ ಅರಸ ಶೇಖ್ ಸಲ್ಮಾನರ ಚಿತ್ರ ಬಂತು, ರೂಪಾಯಿ 1965ರವರೆಗೆ ಉಳಿಯಿತು. ದುಬೈಯಲ್ಲಿ 1961ರ ಜನವರಿಯಿಂದ ಏಳು ಖರ್ಜೂರದ ಮರಗಳ ಮತ್ತು ಹಾಯಿಹಡಗಿನ ಚೀಟಿಗಳು, ಬೆಲೆ ಅದೇ ನಯಾಪೈಸೆ, ಅದೇ ರೂಪಾಯಿ. 1963ರಲ್ಲಿ ದುಬೈ ತನ್ನದೇ ಚೀಟಿ ತಂದಾಗಲೂ ಹಾಗೆಯೇ. ಕತಾರಿನಲ್ಲಿ ರಾಣಿ ಹೋದದ್ದು 1961ರಲ್ಲಿ, ರೂಪಾಯಿ ಹೋದದ್ದು 1966ರಲ್ಲಿ. ಒಂದು ಊರಿನಲ್ಲಾದರೂ ರೂಪಾಯಿ ಮೊದಲು ಹೋಗಿ ರಾಣಿ ಉಳಿದದ್ದುಂಟೇ ಎಂದರೆ, ಇಲ್ಲ.

ಮಸ್ಕತ್ತಿನ ಬ್ರಿಟಿಷ್ ಅಂಚೆ ಕಚೇರಿ 1966ರ ಏಪ್ರಿಲ್ ಮುಗಿಯುವಾಗ ಬಾಗಿಲು ಹಾಕಿತು. ಐದು ವಾರ ಕಳೆದು, ಜೂನ್ 6ರಂದು, ಭಾರತ ರೂಪಾಯಿಯ ಬೆಲೆ ಇಳಿಸಿತು. ಕತಾರ್, ದುಬೈಗಳು ರೂಪಾಯಿಯನ್ನು ಬಿಟ್ಟದ್ದು ಆ ಹೊಡೆತಕ್ಕೆ. ಎರಡು ದಿನಾಂಕಗಳು ಹತ್ತಿರ ಬಂದದ್ದು ಕಾಕತಾಳೀಯ, ಒಂದು ಇನ್ನೊಂದಕ್ಕೆ ಕಾರಣವಲ್ಲ. ಸುಲ್ತಾನರ ಸರ್ಕಾರ ಹೊರಡಿಸಿದ ‘ಮಸ್ಕತ್ ಮತ್ತು ಒಮಾನ್’ ಚೀಟಿಗಳಲ್ಲಿ ರಾಣಿ ಇಲ್ಲ, ಪೆನ್ನಿ ಇಲ್ಲ. ಬೆಲೆ ಬೈಸಾಗಳಲ್ಲಿದೆ, ಅರವತ್ನಾಲ್ಕು ಬೈಸಾಕ್ಕೆ ಒಂದು ರೂಪಾಯಿ. ನಮ್ಮ ಹಿಂದಿನ ರೂಪಾಯಿಗೂ ಅರವತ್ನಾಲ್ಕೇ ಪೈಸೆ. ಭಾರತ ಒಂಬತ್ತು ವರ್ಷದ ಹಿಂದೆ ಬಿಟ್ಟ ಎಣಿಕೆ ಮಸ್ಕತ್ತಿನ ಚೀಟಿಯಲ್ಲಿ 1970ರಲ್ಲಿ ರಿಯಾಲ್ ಬರುವ ತನಕ ನಡೆಯಿತು.